ಎದೆಯೊಳಗಿನ ಕವಲುಗಳ ಲೆಕ್ಕ

ಗಂಟಲಮಣಿಯಿಂದ ಸ್ವಲ್ಪ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಉಂಗುರದ ಕೆಳಗೊಂದು ಉಂಗುರ ಜೋಡಿಸಿದ ಹಾಗೆ ಗಟ್ಟಿಯಾಗಿ ಸಿಗುವುದೇ ಶ್ವಾಸನಾಳ. ದೊಡ್ಡವರಲ್ಲಿ ಅದರ ಒಳವ್ಯಾಸ ಹೆಚ್ಚುಕಡಿಮೆ 18 ಮಿಲಿಮೀಟರ್, ಉದ್ದ 12 ಸೆಂಟಿಮೀಟರ್. ಎದೆಗೂಡಿನೊಳಗೆ ಇಳಿದ ಮೇಲೆ ಅದು ಎರಡಾಗಿ ಒಡೆಯುತ್ತದೆ. ಆ ಎರಡೂ ಮತ್ತೆ ಎರಡೆರಡಾಗುತ್ತವೆ. ಹೀಗೇ ಒಡೆಯುತ್ತ ಒಡೆಯುತ್ತ ಕೊಳವೆಗಳು ಅರ್ಧ ಮಿಲಿಮೀಟರಿಗಿಂತಲೂ ಸಣ್ಣವಾಗಿ, ಗೋಡೆಯ ತುಂಬ ಪುಟ್ಟ ಪುಟ್ಟ ಗಾಳಿಗೂಡುಗಳು ಕಾಣಿಸಿಕೊಳ್ಳುತ್ತವೆ. ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲಿ.

ಈ ಕೊಳವೆಗಳನ್ನೆಲ್ಲ ಒಂದೊಂದಾಗಿ ಅಳೆಯುವುದು ಆಗದ ಮಾತು. ಆಸ್ಪತ್ರೆಯ ಸಿಟಿ ಸ್ಕ್ಯಾನಿನಲ್ಲಿ ಮೇಲಿನ ಕೆಲವು ಕವಲುಗಳು ಸ್ಪಷ್ಟವಾಗಿ ಕಾಣುತ್ತವೆ. ಅಲ್ಲಿಂದ ಕೆಳಗಿನವು ಚಿತ್ರದಲ್ಲಿ ಕರಗಿಹೋಗುತ್ತವೆ. ಆದರೆ ವೈದ್ಯರಿಗೆ, ಔಷಧ ತಯಾರಿಸುವವರಿಗೆ, ದೂಳಿನ ಅಪಾಯ ಅಂದಾಜು ಮಾಡುವವರಿಗೆ ಬೇಕಾದ ಉತ್ತರಗಳು ಇರುವುದು ಆ ಕಾಣದ ಭಾಗದಲ್ಲೇ. ಗಣಿತದ ಮಾದರಿ ಬೇಕಾಗುವುದು ಇದಕ್ಕೆ. ಮಾದರಿ ಎಂದರೆ ಶ್ವಾಸಕೋಶದ ನಕಲು ಅಲ್ಲ. ಯಾವುದನ್ನು ಉಳಿಸಿಕೊಂಡೆವು, ಯಾವುದನ್ನು ತಿಳಿದೂ ತಿಳಿದೇ ಬಿಟ್ಟೆವು ಎಂಬುದನ್ನು ಮೊದಲೇ ಒಪ್ಪಿಕೊಂಡು ಮಾಡುವ ಲೆಕ್ಕ. ಹೊಸದಾಗಿ ಈ ವಿಷಯಕ್ಕೆ ಬರುವವರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಕಷ್ಟವಲ್ಲ. ಬೇಕಾದ ಗಣಿತ ಪಿಯುಸಿ ಮಟ್ಟದ್ದು, ಅದಕ್ಕಿಂತ ಹೆಚ್ಚಿನದಲ್ಲ.

ಇಂದಿಗೂ ಎಲ್ಲರೂ ಶುರುಮಾಡುವ ಮಾದರಿ ಸ್ವಿಟ್ಜರ್ಲೆಂಡಿನ ಅಂಗರಚನಾ ಶಾಸ್ತ್ರಜ್ಞ ಎವಾಲ್ಡ್ ವೈಬಲ್ ಅವರದು. ಅವರು ಯುವಕರಾಗಿದ್ದಾಗ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ, 1956ರ ನೊಬೆಲ್ ಪಡೆದಿದ್ದ ಆಂದ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಅಲ್ಲಿ ಜೊತೆಯಾದವರು ಕ್ಯೂಬಾ ಮೂಲದ ಡೊಮಿಂಗೊ ಗೋಮೆಜ್. ಒಬ್ಬರಿಗೆ ಸೂಕ್ಷ್ಮದರ್ಶಕ, ಎರಕಗಳ ಅಭ್ಯಾಸ. ಇನ್ನೊಬ್ಬರಿಗೆ ಗಣಿತ. 1962ರಲ್ಲಿ ಇಬ್ಬರೂ ಸೇರಿ ಬರೆದ ಲೇಖನ ಬಂತು. ಮರುವರ್ಷ ವೈಬಲ್ ಅವರ ಪುಸ್ತಕ ಬಂತು. ಅದರಲ್ಲಿ ‘ಮಾದರಿ ಎ’ ಎಂಬ ಹೆಸರಿನ ಒಂದು ಕೋಷ್ಟಕವಿದೆ. ಅರವತ್ತು ವರ್ಷ ಕಳೆದರೂ ಉಸಿರಾಟದ ಲೆಕ್ಕ ಮಾಡುವವರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾರೆ.

ಮಾದರಿ ಎ ಹೇಳುವುದು ಬಹಳ ಸರಳ. ಶ್ವಾಸನಾಳ ಸೊನ್ನೆಯ ತಲೆಮಾರು. ಪ್ರತಿ ಕೊಳವೆಯೂ ಎರಡು ಕೊಳವೆಗಳಾಗಿ ಒಡೆಯುತ್ತದೆ. ಒಂದೇ ತಲೆಮಾರಿನ ಕೊಳವೆಗಳೆಲ್ಲ ಒಂದೇ ಅಳತೆಯವು. ಹೀಗಾಗಿ ತಲೆಮಾರಿನ ಸಂಖ್ಯೆ z ಆದರೆ ಅಲ್ಲಿರುವ ಕೊಳವೆಗಳು 2ರ z ಘಾತ. 23ನೇ ತಲೆಮಾರಿಗೆ ಕವಲು ಮುಗಿಯುತ್ತದೆ. ಸೊನ್ನೆಯಿಂದ 16ರವರೆಗಿನವು ಗಾಳಿಯನ್ನು ಸಾಗಿಸುವ ಕೊಳವೆಗಳು ಮಾತ್ರ, ಅವುಗಳ ಗೋಡೆಯಲ್ಲಿ ಗಾಳಿಗೂಡುಗಳಿಲ್ಲ. 17ರಿಂದ 23ರವರೆಗೆ ಗಾಳಿಗೂಡುಗಳು ಹೆಚ್ಚುತ್ತ ಹೋಗುತ್ತವೆ. 16ನೇ ತಲೆಮಾರಿನಲ್ಲಿ 65,536 ಕೊಳವೆಗಳು, 23ನೆಯದರಲ್ಲಿ 83 ಲಕ್ಷಕ್ಕೂ ಹೆಚ್ಚು.

ಇದು ನಿಜವಾದ ಶ್ವಾಸಕೋಶದ ಹಾಗಿಲ್ಲ ಎಂದು ವೈಬಲ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಸಮವಾದ ಕವಲುಗಳಿಗಾಗಿ ‘ಮಾದರಿ ಬಿ’ ಎಂದು ಇನ್ನೊಂದನ್ನೂ ಅವರೇ ಕೊಟ್ಟಿದ್ದಾರೆ. ಆದರೂ ಕಲಿಯುವವರು ಎ ಇಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದರೆ ಕಾಗದ, ಪೆನ್ಸಿಲ್ ಇಷ್ಟರಿಂದಲೇ ಅದು ಎಷ್ಟು ದೂರ ಕರೆದೊಯ್ಯುತ್ತದೆ ನೋಡಿ.

ಕೋಷ್ಟಕದಿಂದ ನಾಲ್ಕು ವ್ಯಾಸ ಮಾತ್ರ ತೆಗೆದುಕೊಳ್ಳೋಣ. ಶ್ವಾಸನಾಳ 18 ಮಿಲಿಮೀಟರ್, 3ನೇ ತಲೆಮಾರು 5.6, 16ನೆಯದು 0.6, ಕೊನೆಯದಾದ 23ನೆಯದು 0.41. ಒಂದು ಕೊಳವೆಯ ಬಾಯಿಯ ವಿಸ್ತೀರ್ಣವನ್ನು ಆ ತಲೆಮಾರಿನ ಕೊಳವೆಗಳ ಸಂಖ್ಯೆಯಿಂದ ಗುಣಿಸಿದರೆ ಗಾಳಿಗೆ ಸಿಗುವ ಒಟ್ಟು ದಾರಿಯ ಅಗಲ ಸಿಗುತ್ತದೆ. ಶ್ವಾಸನಾಳದಲ್ಲಿ ಸುಮಾರು 2.5 ಚದರ ಸೆಂಟಿಮೀಟರ್. 3ನೇ ತಲೆಮಾರಿನಲ್ಲಿ ಎಂಟು ಕೊಳವೆ ಸೇರಿ ಸುಮಾರು 2, ಅಂದರೆ ದಾರಿ ಸ್ವಲ್ಪ ಇಕ್ಕಟ್ಟೇ ಆಯಿತು. 16ನೇ ತಲೆಮಾರಿಗೆ ಬಂದರೆ ಸುಮಾರು 185. ಕೊನೆಯಲ್ಲಿ 11,000 ಚದರ ಸೆಂಟಿಮೀಟರ್, ಒಂದು ಚದರ ಮೀಟರಿಗಿಂತ ಹೆಚ್ಚು. ಅಂದರೆ ಮೊದಲ ಮೂರು ತಲೆಮಾರು ದಾಟಿದ ಮೇಲೆ, ಒಂದೊಂದು ಕೊಳವೆಯೂ ಸಣ್ಣದಾಗುತ್ತ ಹೋದರೂ ಒಟ್ಟು ದಾರಿ ಅಗಲವಾಗುತ್ತಲೇ ಹೋಗುತ್ತದೆ. ಸಂಖ್ಯೆ ಬೆಳೆಯುವ ವೇಗ ವ್ಯಾಸ ಕುಗ್ಗುವ ವೇಗವನ್ನು ಮೀರಿಸುತ್ತದೆ.

ಈಗ ಗಾಳಿ ಬಿಡೋಣ. ಸುಮ್ಮನೆ ಕುಳಿತಿರುವಾಗ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದಕ್ಕೆ ಎರಡು ಸೆಕೆಂಡ್ ಬೇಕು ಎಂದುಕೊಂಡರೆ ಸೆಕೆಂಡಿಗೆ 250 ಘನ ಸೆಂಟಿಮೀಟರ್. ಇದನ್ನು ವಿಸ್ತೀರ್ಣದಿಂದ ಭಾಗಿಸಿದರೆ ವೇಗ. ಶ್ವಾಸನಾಳದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಮೀಟರ್. 3ನೇ ತಲೆಮಾರಿನಲ್ಲಿ ಇನ್ನೂ ಜೋರು, ಒಂದೂಕಾಲು ಮೀಟರ್. 16ನೆಯದರಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಕೊನೆಯಲ್ಲಿ ಹೆಚ್ಚೆಂದರೆ ಕಾಲು ಮಿಲಿಮೀಟರ್. ಹೆಚ್ಚೆಂದರೆ ಎಂದೆ, ಏಕೆಂದರೆ ದಾರಿಯಲ್ಲಿರುವ ಗಾಳಿಗೂಡುಗಳು ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತವೆ.

ಕಾಲು ಮಿಲಿಮೀಟರ್ ವೇಗದಲ್ಲಿ ತೆವಳುವ ಗಾಳಿ ಉಸಿರು ಮುಗಿಯುವುದರೊಳಗೆ ತುದಿ ಮುಟ್ಟುವುದಿಲ್ಲ. ಹಾಗಾದರೆ ಆಮ್ಲಜನಕ ತಲುಪುವುದು ಹೇಗೆ? ವಿಸರಣೆಯಿಂದ. ಗಾಳಿ ನಿಂತರೂ ಅಣುಗಳು ನಿಲ್ಲುವುದಿಲ್ಲ. ಗಾಳಿಯಲ್ಲಿ ಆಮ್ಲಜನಕದ ವಿಸರಣಾಂಕ ಸೆಕೆಂಡಿಗೆ ಸುಮಾರು 0.2 ಚದರ ಸೆಂಟಿಮೀಟರ್. ಒಂದು ಸೆಕೆಂಡಿನಲ್ಲಿ ಅಣು ಸರಾಸರಿ ಎಷ್ಟು ದೂರ ಹರಡೀತು ಎಂಬುದಕ್ಕೆ 2 × 0.2 × 1 ಇದರ ವರ್ಗಮೂಲ ತೆಗೆಯಿರಿ. 0.63 ಸೆಂಟಿಮೀಟರ್, ಆರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಇನ್ನು ಕೋಷ್ಟಕಕ್ಕೆ ಮರಳಿ 17ರಿಂದ 23ರವರೆಗಿನ ಉದ್ದಗಳನ್ನು ಕೂಡಿ: 1.41, 1.17, 0.99, 0.83, 0.70, 0.59, 0.50. ಮೊತ್ತ 6.2 ಮಿಲಿಮೀಟರ್. ಗಾಳಿಯ ಹರಿವು ಸಾಗಿಸಲಾರದ ಭಾಗದ ಉದ್ದವೂ, ಅಣುಗಳು ತಾವಾಗಿಯೇ ದಾಟಬಲ್ಲ ದೂರವೂ ಒಂದೇ ಅಳತೆಗೆ ಬಂದು ನಿಂತವು. ಇದನ್ನು ಮೊದಲ ಬಾರಿ ಕೂಡಿ ನೋಡಿದಾಗ ಆಗುವ ಸಂತೋಷ ನಿಮಗೂ ಆಗಲಿ ಎಂದೇ ಅಂಕಿಗಳನ್ನು ಇಷ್ಟು ವಿವರವಾಗಿ ಕೊಟ್ಟೆ.

ದೂಳಿನ ವಿಚಾರವೂ ಇದೇ ಲೆಕ್ಕದಿಂದ ಹೊರಡುತ್ತದೆ. ಹತ್ತು ಮೈಕ್ರಾನಿಗಿಂತ ದಪ್ಪ ಕಣಗಳಲ್ಲಿ ಹೆಚ್ಚಿನವು ಮೂಗು ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಅಲ್ಲಿ ತಪ್ಪಿಸಿಕೊಂಡವು ಗಾಳಿ ಜೋರಾಗಿರುವ ಮೇಲಿನ ಕವಲುಗಳಲ್ಲಿ ತಿರುವು ತೆಗೆದುಕೊಳ್ಳಲಾಗದೆ ಗೋಡೆಗೆ ಬಡಿಯುತ್ತವೆ. ಒಂದೆರಡು ಮೈಕ್ರಾನಿನ ನವುರಾದ ಕಣಗಳು ಮಾತ್ರ ಕೆಳಗಿನ ನಿಧಾನದ ಗಾಳಿಗೆ ಬಂದು, ಬೇಕಾದಷ್ಟು ಸಮಯ ಸಿಕ್ಕಿ, ಅಲ್ಲೇ ತಳವೂರುತ್ತವೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರನ್ನು ಕಾಡಿದ ಸಿಲಿಕೋಸಿಸ್ ಇಂಥ ನವುರಾದ ಕಲ್ಲುದೂಳಿನ ಕಾಯಿಲೆ. ಇನ್‌ಹೇಲರಿನ ಔಷಧವನ್ನು ಒಂದರಿಂದ ಐದು ಮೈಕ್ರಾನಿನ ಹನಿಗಳಾಗಿ ಅಥವಾ ಪುಡಿಯಾಗಿ ಮಾಡುವುದಕ್ಕೂ ಇದೇ ಕಾರಣ.

ಇಲ್ಲಿಯವರೆಗೆ ವ್ಯಾಸಗಳನ್ನು ಕೋಷ್ಟಕದಿಂದ ಎತ್ತಿಕೊಂಡೆವು. ಅವು ಅಷ್ಟೇ ಏಕೆ ಇವೆ ಎಂದು ಕೇಳಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

ತಾಯಿ ಕೊಳವೆಯ ವ್ಯಾಸಕ್ಕೆ ಹೋಲಿಸಿದರೆ ಮಗಳ ವ್ಯಾಸ ಎಷ್ಟು ಪಾಲು ಎಂಬುದನ್ನು h ಎಂದು ಕರೆಯೋಣ. ಉದ್ದವೂ ಅಷ್ಟೇ ಪಾಲು ಕುಗ್ಗುತ್ತದೆ ಎಂದಿಟ್ಟುಕೊಳ್ಳೋಣ. ಸಣ್ಣ ಕೊಳವೆಗಳ ನಿಧಾನ ಹರಿವಿಗೆ ಪ್ವಾಝೈ ನಿಯಮ ಹೊಂದುತ್ತದೆ: ಕೊಳವೆ ಒಡ್ಡುವ ರೋಧ ಉದ್ದಕ್ಕೆ ನೇರ ಅನುಪಾತದಲ್ಲಿ, ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ವ್ಯಾಸ ಅರ್ಧವಾದರೆ ರೋಧ ಹದಿನಾರು ಪಟ್ಟು. ಹಾಗಾಗಿ ಮಗಳ ರೋಧ ತಾಯಿಯದಕ್ಕಿಂತ 1/h³ ಪಟ್ಟು. ಆದರೆ ಮಕ್ಕಳು ಇಬ್ಬರು, ಪಕ್ಕಪಕ್ಕದಲ್ಲಿದ್ದಾರೆ. ಗಾಳಿ ಇಬ್ಬರಲ್ಲೂ ಹಂಚಿಹೋಗುವುದರಿಂದ ರೋಧ ಅರ್ಧವಾಗುತ್ತದೆ. ಒಂದು ತಲೆಮಾರಿನಿಂದ ಮುಂದಿನದಕ್ಕೆ ರೋಧ ಬದಲಾಗುವ ಪಾಲು 1/(2h³). ಗಾತ್ರ ಬದಲಾಗುವ ಪಾಲು ಇದಕ್ಕೆ ತಲೆಕೆಳಗು, 2h³.

ಎರಡೂ ಒಂದನ್ನೊಂದು ಎಳೆಯುತ್ತವೆ. ಕೊಳವೆ ಕಿರಿದಾದರೆ ಉಸಿರೆಳೆಯಲು ಶ್ರಮ. ಅಗಲವಾದರೆ ಸಾಗಣೆಯ ಕೊಳವೆಗಳಲ್ಲೇ ಗಾಳಿ ತುಂಬಿಕೊಂಡು ರಕ್ತಕ್ಕೆ ಸಿಗದೆ ವ್ಯರ್ಥ. ಈಗಲೇ ಅರ್ಧ ಲೀಟರ್ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಹೀಗೆ ವ್ಯರ್ಥವಾಗುತ್ತದೆ. ಇಂಥದೇ ಎಳೆದಾಟವನ್ನು ರಕ್ತನಾಳಗಳಿಗೆ ಅನ್ವಯಿಸಿ ಅಮೆರಿಕದ ಸೆಸಿಲ್ ಮರ್ರೆ 1926ರಲ್ಲಿ ಒಂದು ನಿಯಮ ಕೊಟ್ಟರು: ತಾಯಿಯ ವ್ಯಾಸದ ಘನ ಮಕ್ಕಳ ವ್ಯಾಸಗಳ ಘನಗಳ ಮೊತ್ತಕ್ಕೆ ಸಮ. ಮಕ್ಕಳಿಬ್ಬರೂ ಒಂದೇ ಅಳತೆಯಾದರೆ 2h³ = 1. h ಅಂದರೆ ಅರ್ಧದ ಘನಮೂಲ, 0.794. ಶ್ವಾಸಕೋಶಕ್ಕೂ, ಇಂತಿಷ್ಟೇ ಗಾತ್ರದೊಳಗೆ ರೋಧವನ್ನು ಅತಿ ಕಡಿಮೆ ಮಾಡು ಎಂದು ಕೇಳಿದರೆ, ಬರುವ ಉತ್ತರ ಅದೇ 0.794. ಆಗ ಪ್ರತಿ ತಲೆಮಾರಿನ ರೋಧವೂ ಸಮ.

ವೈಬಲ್ ಮತ್ತು ಗೋಮೆಜ್ ತಮ್ಮ ಅಳತೆಗಳು ಈ ನಿಯಮದ ಹತ್ತಿರ ಬೀಳುವುದನ್ನು ತೋರಿಸಿದರು. ನೀವೂ ನೋಡಬಹುದು. 18 ಮಿಲಿಮೀಟರಿನಿಂದ 0.6ಕ್ಕೆ ಹದಿನಾರು ಹೆಜ್ಜೆ. ಹೆಜ್ಜೆಗೆ ಸರಾಸರಿ 0.81. ನಿಸರ್ಗ ಗಣಿತಕ್ಕೆ ತಲೆಬಾಗಿದೆ ಎಂದು ಇಲ್ಲಿಗೇ ನಿಲ್ಲಿಸುವವರು ಬಹಳ. ಸರಾಸರಿಯನ್ನು ನಂಬುವ ಮೊದಲು ಅದನ್ನು ಒಡೆದು ನೋಡುವುದು ಒಳ್ಳೆಯ ಅಭ್ಯಾಸ. 6ನೇ ತಲೆಮಾರಿನ ವ್ಯಾಸ 2.8 ಮಿಲಿಮೀಟರ್. ಸೊನ್ನೆಯಿಂದ 6ರವರೆಗೆ ಹೆಜ್ಜೆಗೆ 0.73, ಬೇಗ ಬೇಗ ಕಿರಿದಾಗುತ್ತದೆ. 6ರಿಂದ 16ರವರೆಗೆ 0.857, ನಿಯಮ ಕೇಳಿದ್ದಕ್ಕಿಂತ ಕೊಳವೆಗಳು ಅಗಲವಾಗಿಯೇ ಉಳಿಯುತ್ತವೆ.

ಈ ಹೆಚ್ಚಿನ ಅಗಲ ಏಕೆ? ಬೆಂಜಮಿನ್ ಮೊರೊಯ್, ಮಾರ್ಸೆಲ್ ಫಿಲೋಶ್, ವೈಬಲ್ ಮತ್ತು ಬರ್ನಾರ್ಡ್ ಸಾಪೊವಾಲ್ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅತ್ಯುತ್ತಮವಾದ ಕವಲು ಅಪಾಯಕಾರಿಯೂ ಆಗಬಹುದು ಎಂಬುದು ಅವರ ವಾದ. ಅದನ್ನು ನಾವೇ ಲೆಕ್ಕ ಹಾಕಿ ನೋಡೋಣ. 6ನೇ ತಲೆಮಾರಿನ ರೋಧವನ್ನು 1 ಎಂದಿಟ್ಟುಕೊಂಡು 16ರವರೆಗಿನ ಹನ್ನೊಂದು ತಲೆಮಾರುಗಳ ರೋಧ ಕೂಡಿ. ಗುಣೋತ್ತರ ಶ್ರೇಢಿ ಅಷ್ಟೆ. h 0.794 ಇದ್ದರೆ ಮೊತ್ತ 11. h 0.857 ಇದ್ದರೆ 4.5. ಈಗ ಆಸ್ತಮಾ ಬಂದಿತು, ಕೊಳವೆಗಳ ಸುತ್ತಲಿನ ಸ್ನಾಯು ಬಿಗಿಯಿತು, h ಎರಡು ಕಡೆಯೂ 0.05ರಷ್ಟು ಕುಸಿಯಿತು ಎಂದುಕೊಳ್ಳಿ. ‘ಅತ್ಯುತ್ತಮ’ ಶ್ವಾಸಕೋಶದಲ್ಲಿ ಮೊತ್ತ 11ರಿಂದ 35ಕ್ಕೆ ಏರುತ್ತದೆ, ಮೂರು ಪಟ್ಟಿಗೂ ಮಿಗಿಲು. ನಮ್ಮ ನಿಜವಾದ ಶ್ವಾಸಕೋಶದಲ್ಲಿ 4.5ರಿಂದ 8.7ಕ್ಕೆ. ಎರಡು ಪಟ್ಟಿನೊಳಗೇ ನಿಲ್ಲುತ್ತದೆ. 0.794 ಎಂಬುದು ಅಂಚು. ಅದರ ಕೆಳಗೆ ಇಳಿದರೆ ಪ್ರತಿ ತಲೆಮಾರೂ ಹಿಂದಿನದಕ್ಕಿಂತ ಹೆಚ್ಚು ರೋಧ ಒಡ್ಡುತ್ತ, ಗುಣಾಕಾರದಲ್ಲಿ ಬೆಳೆಯುತ್ತದೆ. ದೇಹ ಅಂಚಿನ ಮೇಲೆ ನಿಲ್ಲದೆ, ಸ್ವಲ್ಪ ಗಾಳಿ ವ್ಯರ್ಥವಾದರೂ ಚಿಂತೆಯಿಲ್ಲವೆಂದು ಒಳಗೆ ಸರಿದು ನಿಂತಿದೆ.

ಈ ಸಡಿಲಿಕೆಗೆ ಇನ್ನೊಂದು ಮುಖವೂ ಇದೆ, ಅದು ಅಷ್ಟು ಸಂತೋಷದ್ದಲ್ಲ. h ದೊಡ್ಡದಿದ್ದರೆ ಕೆಳಗಿಳಿದಂತೆ ರೋಧ ಕಡಿಮೆಯಾಗುತ್ತದೆ. 0.857ರ ಲೆಕ್ಕದಲ್ಲಿ 16ನೇ ತಲೆಮಾರಿನ ರೋಧ 6ನೆಯದರ ಹತ್ತನೇ ಒಂದು ಭಾಗ. ಅಂದರೆ ಒಟ್ಟು ರೋಧದಲ್ಲಿ ಸಣ್ಣ ಕೊಳವೆಗಳ ಪಾಲು ಅತ್ಯಲ್ಪ. 1915ರಲ್ಲಿ ಫ್ರಿಟ್ಜ್ ರೋರರ್ ಮಾಡಿದ ಲೆಕ್ಕದ ನಂತರ ಬಹುಕಾಲ ಇದಕ್ಕೆ ವಿರುದ್ಧವಾದ ನಂಬಿಕೆ ಇತ್ತು. 1967ರಲ್ಲಿ ಪೀಟರ್ ಮ್ಯಾಕ್ಲೆಮ್ ಮತ್ತು ಜೆರೆ ಮೀಡ್ ನಾಯಿಗಳ ಶ್ವಾಸಕೋಶದೊಳಗೆ ನೇರವಾಗಿ ಒತ್ತಡ ಅಳೆದು, ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆಗಳ ಪಾಲು ಬಹಳ ಕಡಿಮೆ ಎಂದು ತೋರಿಸಿದರು. ಮೀಡ್ ಆ ಭಾಗವನ್ನು ಮೌನವಲಯ ಎಂದು ಕರೆದರು. ಬೀಡಿ ಸಿಗರೇಟು ಸೇದುವವರಲ್ಲಿ ಹಾನಿ ಮೊದಲು ಕಾಣಿಸುವ ಜಾಗಗಳಲ್ಲಿ ಈ ವಲಯವೂ ಒಂದು. ಅಲ್ಲಿನ ಎಷ್ಟೋ ಕೊಳವೆಗಳು ಮುಚ್ಚಿಹೋದರೂ ಊದಿಸಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ದೊಡ್ಡ ಏರುಪೇರು ಕಾಣದು. ಉಬ್ಬಸ ಶುರುವಾಗುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ. ನಮ್ಮನ್ನು ಕಾಪಾಡುವ ಸಡಿಲಿಕೆಯೇ ಕಾಯಿಲೆಯನ್ನು ಮುಚ್ಚಿಡುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಶ್ರೇಢಿಯ ಮೊತ್ತದ ಮೂಲಕ ಹೇಳಿದರೆ ಭಾಷಣಕ್ಕಿಂತ ಚೆನ್ನಾಗಿ ನಾಟುತ್ತದೆ ಎಂದು ನಾನು ನಂಬುತ್ತೇನೆ.

ಇನ್ನು ಸಮಮಿತಿಯ ಮಾತು. ನಿಜವಾದ ಶ್ವಾಸಕೋಶ ಮೊದಲ ಕವಲಿನಲ್ಲೇ ಸಮನಾಗಿಲ್ಲ. ಎಡಗಡೆ ಹೃದಯಕ್ಕೆ ಜಾಗ ಬಿಡಬೇಕು. ಬಲಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಬಲಗಡೆಯ ಮುಖ್ಯ ಕವಲು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಮಗು ಕಡಲೆಕಾಯಿ ಬೀಜ ನುಂಗಹೋಗಿ ಅದು ಶ್ವಾಸನಾಳಕ್ಕೆ ಜಾರಿದರೆ ಹೆಚ್ಚಾಗಿ ಬಲಗಡೆಗೇ ಹೋಗುವುದು ಇದರಿಂದ. ಕೆಳಗೂ ಹಾಗೆಯೇ: ಕೆಲವು ದಾರಿಗಳು ಹತ್ತರ ಆಸುಪಾಸಿನ ಕವಲುಗಳಲ್ಲೇ ಮುಗಿಯುತ್ತವೆ, ಕೆಲವು ಇಪ್ಪತ್ತು ದಾಟುತ್ತವೆ. ಇಂಥಲ್ಲಿ ಮೇಲಿನಿಂದ ತಲೆಮಾರು ಎಣಿಸಿದರೆ ತುದಿಯ ಕೊಳವೆಯೂ ನಡುವಿನ ಕೊಳವೆಯೂ ಒಂದೇ ಸಂಖ್ಯೆಗೆ ಸೇರಿಬಿಡುತ್ತವೆ. ಬ್ರಿಟನ್ನಿನ ಕೀತ್ ಹಾರ್ಸ್‌ಫೀಲ್ಡ್ ಮತ್ತು ಗಾರ್ಡನ್ ಕಮ್ಮಿಂಗ್ 1968ರಲ್ಲಿ ಮನುಷ್ಯನ ಶ್ವಾಸಕೋಶದ ರಾಳದ ಎರಕವೊಂದನ್ನು ಕವಲು ಕವಲಾಗಿ ಅಳೆದರು. ಇಂಥ ಅಸಮ ಕವಲುಗಳಿಗೆ ಹಾರ್ಸ್‌ಫೀಲ್ಡ್ ಬಳಕೆಗೆ ತಂದದ್ದು ತುದಿಯಿಂದ ಮೇಲಕ್ಕೆ ಎಣಿಸುವ ಕ್ರಮ. ನದಿಗಳನ್ನು ಅಭ್ಯಾಸ ಮಾಡುವವರು ಹಾಗೆ ಎಣಿಸುತ್ತಿದ್ದರು. ಬ್ರಹ್ಮಗಿರಿಯ ತೊರೆಗಳು ಒಂದನೇ ದರ್ಜೆ, ಹಾರಂಗಿ, ಹೇಮಾವತಿಗಳು ಅದಕ್ಕಿಂತ ಮೇಲಿನವು, ಅವನ್ನೆಲ್ಲ ಕೂಡಿಸಿಕೊಂಡ ಕಾವೇರಿ ಇನ್ನೂ ಮೇಲಿನ ದರ್ಜೆ ಎನ್ನುವ ಹಾಗೆ. ತುದಿಗಳೆಲ್ಲ ಒಂದೇ ಗುಂಪಿಗೆ ಬಂದವು. ಅಸಮ ಕವಲಿನಲ್ಲೂ ಲೆಕ್ಕ ನಡೆಯುವಂತಾಯಿತು.

ಈಗಿನ ಮಾದರಿಗಳು ಸರಾಸರಿ ಕೋಷ್ಟಕದಲ್ಲಿ ನಿಲ್ಲುವುದಿಲ್ಲ. ಒಬ್ಬ ವ್ಯಕ್ತಿಯ ಸಿಟಿ ಸ್ಕ್ಯಾನಿನಿಂದ ಹಾಲೆಗಳ ಆಕಾರವನ್ನೂ ಮೇಲಿನ ಕವಲುಗಳನ್ನೂ ತೆಗೆದುಕೊಂಡು, ಕಾಣದ ಸಣ್ಣ ಕವಲುಗಳನ್ನು ಕಂಪ್ಯೂಟರಿನಲ್ಲಿ ಬೆಳೆಸುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಮೆರಿನ್ ತಾವ್ಹಾಯ್ ಮತ್ತು ಸಂಗಡಿಗರ ವಿಧಾನ ಇದರಲ್ಲಿ ಬಹಳ ಬಳಕೆಯಲ್ಲಿದೆ. ಅದರ ತಿರುಳನ್ನು ಚೌಕಳಿ ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ಶ್ವಾಸಕೋಶದ ಹೊರ ಆಕಾರ ಬರೆದು ಒಳಗೆಲ್ಲ ಸಮನಾಗಿ ಚುಕ್ಕೆ ಇಡಿ. ಚುಕ್ಕೆಗಳಿಗೆಲ್ಲ ನಡುವೆ ಬರುವ ಬಿಂದುವನ್ನು ಗುರುತಿಸಿ, ಮೇಲಿನಿಂದ ಬಂದ ಕೊಳವೆಯ ತುದಿಯಿಂದ ಆ ಬಿಂದುವಿಗೆ ಗೆರೆ ಎಳೆದು ಚುಕ್ಕೆಗಳನ್ನು ಎರಡು ಗುಂಪು ಮಾಡಿ. ಪ್ರತಿ ಗುಂಪಿನ ನಡುಬಿಂದುವಿನ ಕಡೆಗೆ ಒಂದೊಂದು ಕವಲು ಹೊರಡಿಸಿ. ಪೂರ್ತಿ ಅಲ್ಲ, ದೂರದ ನೂರಕ್ಕೆ 40ರಷ್ಟು ಮಾತ್ರ. ಕವಲು ತಾಯಿಯ ದಿಕ್ಕಿನಿಂದ 60 ಡಿಗ್ರಿಗಿಂತ ಹೆಚ್ಚು ತಿರುಗಕೂಡದು. ಹೊಸ ಕವಲುಗಳ ತುದಿಯಿಂದ ಆಯಾ ಗುಂಪಿನೊಳಗೆ ಮತ್ತೆ ಇದನ್ನೇ ಮಾಡುತ್ತ ಹೋಗಿ. ಒಂದೇ ಚುಕ್ಕೆ ಉಳಿದರೆ ಅಥವಾ ಕವಲು ತೀರ ಗಿಡ್ಡವಾದರೆ ಅಲ್ಲಿಗೆ ನಿಲ್ಲಿಸಿ. ಹೊರ ಆಕಾರ ಸಮನಾಗಿಲ್ಲದ್ದರಿಂದ ಕವಲುಗಳೂ ತಾವಾಗಿಯೇ ಅಸಮವಾಗುತ್ತವೆ, ಅದಕ್ಕಾಗಿ ಬೇರೆ ನಿಯಮ ಬೇಕಿಲ್ಲ. ನಾಲ್ಕೈದು ತಲೆಮಾರು ಬರೆದ ಮೇಲೆ 40ರ ಜಾಗದಲ್ಲಿ 60 ಇಟ್ಟು ಹೊಸ ಕಾಗದದಲ್ಲಿ ಮತ್ತೆ ಬರೆಯಿರಿ. ಎರಡರಲ್ಲೂ ಕೊಳವೆಯ ತುದಿಯಿಂದ ಅತಿ ದೂರ ಉಳಿದ ಚುಕ್ಕೆ ಎಷ್ಟು ದೂರದಲ್ಲಿದೆ ಎಂದು ಸ್ಕೇಲ್ ಇಟ್ಟು ಅಳೆದು ಹೋಲಿಸಿ. 40ನ್ನೇ ಏಕೆ ಆರಿಸಿಕೊಂಡಿರಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ಆ ಎರಡು ಕಾಗದಗಳಿಂದಲೇ ಹುಡುಕಬಹುದು.